ಒರಳುಕಲ್ಲಿಗೂ ಸೇರಿಸಿ ಗಾಳಿ

ಗಾಡಿಯ ಹಿಂದೆ ಮನೆ ಕಟ್ಟಿಕೊಂಡು ಹೊರಟವನಿಗೆ ದಾರಿಯಲ್ಲಿ ಸಿಕ್ಕವರೆಲ್ಲ ಒಂದೊಂದು ನಗೆ ಕೊಟ್ಟೇ ಕಳಿಸುತ್ತಾರೆ. ಹೇಳಿಕೊಂಡು ನಗೋಣವೆಂದರೆ ನನ್ನ ಪಕ್ಕದ ಸೀಟು ಖಾಲಿ. ಅದಕ್ಕೇ ನಿಮಗೆ ಹೇಳುತ್ತಿದ್ದೇನೆ.

ಶಿರಸಿಯ ಕಾಟಾ

ಬಸ್ ಓಡಿಸಿ ನಿವೃತ್ತನಾದ ಮೇಲೆ, ಜೀಪಿನ ಹಿಂದೆ ಎಳೆದೊಯ್ಯುವಂಥ ಪುಟ್ಟ ಮನೆಯೊಂದನ್ನು ಚಕ್ರದ ಮೇಲೆ ಮಾಡಿಸಿದೆ. ಮಂಚ, ಒಲೆ, ಮಿಕ್ಸಿ ಎಲ್ಲ ಇದೆ. ಮಾಡಿದವ ಹೇಳಿದ್ದ: "ಟೈರಿಗೆ ಅಂದಾಜಿನ ಗಾಳಿ ಬೇಡ. ಸಾಮಾನೆಲ್ಲ ತುಂಬಿ ತೂಗಿಸಿ, ಆ ತೂಕಕ್ಕೆ ತಕ್ಕಷ್ಟು ಹೊಡೆಸಿ."

ಹೆಂಡತಿ ಉಪ್ಪಿನಕಾಯಿ ಭರಣಿ ಏರಿಸಿದಳು, ಹಪ್ಪಳದ ಡಬ್ಬಿ ಏರಿಸಿದಳು, ಕೊನೆಗೆ ಒರಳುಕಲ್ಲಿಗೆ ಕೈ ಹಾಕಿದಳು.

"ಟೈರು ಢಂ ಅನ್ನುತ್ತದೆ, ಅದು ಬೇಡ" ಅಂದೆ.

"ಕಲ್ಲು ಬಂದ್ರೆ ಆನೂ ಬತ್ತೆ. ಇಲ್ದಿದ್ರೆ ಇಲ್ಲೆ."

ಕಲ್ಲಿಲ್ಲದೆ ತಾನೂ ಬರುವುದಿಲ್ಲವೆಂದು ಅವಳು ಹಠ ಹಿಡಿದರೂ, ಕಲ್ಲು ಬಿಟ್ಟೇ ಲಾರಿ ತೂಗುವ ಕಾಟಾಕ್ಕೆ ಹೋದೆವು. ಕಾಟಾದವನು, "ಅಮ್ಮಾ, ನೀವೂ ಒಳಗೇ ಕೂತ್ಕಳಿ, ಒಟ್ಟಿಗೇ ತೂಕ ಆಗ್ಲಿ" ಅಂದ. ಇವಳು ಸರ್ರನೆ ರಸ್ತೆಯಾಚೆ ಹೋಗಿ ನಿಂತಳು.

"ಕಲ್ಲಿಗೆ ಜಾಗ ಇಲ್ಲೆ, ಯನ್ನ ತೂಕ ಮಾತ್ರ ಊರಿಗೆಲ್ಲ ಗೊತ್ತಾಗವ?"

ಕೋಲಸಿರ್ಸಿಯ ಬೀಪಿ

ಆ ಪ್ರಯಾಣ ಆಗಲೇ ಇಲ್ಲ. ಮಳೆಗಾಲದಲ್ಲಿ ಅವಳು ತೀರಿಕೊಂಡಳು. ಮನೆ ಬಿಕೋ ಅನ್ನುತ್ತಿತ್ತು. ಮಳೆ ನಿಂತದ್ದೇ ಒಬ್ಬನೇ ಹೊರಟುಬಿಟ್ಟೆ.

ಕೋಲಸಿರ್ಸಿ ಹತ್ತಿರ ಗಾಡಿ ನಿಲ್ಲಿಸಿ ಮೀಟರು ಹಿಡಿದು ಟೈರಿನ ಗಾಳಿ ನೋಡುತ್ತಿದ್ದೆ. ಅಜ್ಜಿಯೊಬ್ಬಳು ಬಂದು ತೋಳು ಚಾಚಿದಳು.

"ಬೀಪಿ ನೋಡು ತಮಾ."

"ಅಯ್ಯೋ ಅಜ್ಜಿ, ಇದು ಆಸ್ಪತ್ರೆ ಗಾಡಿ ಅಲ್ಲ. ಇದು ಗಾಳಿ ನೋಡೋ ಮೀಟರು!"

"ಅದ್ರಲ್ಲೇ ನೋಡು. ಕಮ್ಮಿ ಇದ್ರೆ ತುಂಬ್ಸಿ ಕಳ್ಸು."

ಅವಳ ಹಿಂದೆ ಇನ್ನಿಬ್ಬರು ತೋಳು ಚಾಚಿಕೊಂಡು ನಿಂತಿದ್ದರು. ಎಷ್ಟೋ ದಿನದ ಮೇಲೆ ಮಾತಾಡಲು ಜನ ಸಿಕ್ಕಿದ್ದರು, ಕಳಿಸಲು ಮನಸ್ಸಾಗಲಿಲ್ಲ. ಕೂರಿಸಿ ಚಾ ಮಾಡಿಕೊಟ್ಟೆ. ಹೊರಡುವಾಗ ಅಜ್ಜಿ ಪಕ್ಕದವಳಿಗೆ ಹೇಳಿದಳು:

"ಡಾಕ್ಟ್ರು ಒಳ್ಳೆಯವ. ಸೂಜಿ ಚುಚ್ಚೂದೇ ಇಲ್ಲ."

ಯಲ್ಲಾಪುರದ ಲೆಕ್ಕ

ಯಲ್ಲಾಪುರದಲ್ಲಿ ಟೈರಿನ ಅಂಗಡಿಯವ ನನ್ನ ಗಾಡಿ ನೋಡಿ ತಲೆ ಕೆರೆದುಕೊಂಡ.

"ಎಡಕ್ಕೆ ವಾಲ್ತಾ ಇದ್ಯಲ್ರೀ, ಎಂತ ಇಟ್ಟಿದೀರಿ?"

ಒಳಗೆ ಬಗ್ಗಿದ. ಮಂಚದಡಿ ಒರಳುಕಲ್ಲು, ಹೊರಡುವಾಗ ನಾನೇ ಏರಿಸಿದ್ದು.

"ಮಿಕ್ಸಿ ಇದ್ದೂ ಇದೆಂತಕ್ಕೆ ಮಾರಾಯ್ರೆ? ಇಳ್ಸಿಬಿಡಿ, ಗಾಳಿನೂ ಕಮ್ಮಿ ಸಾಕಾಗ್ತದೆ."

"ಬೇಡ. ನಮ್ಮನೆಯವಳದ್ದು. ಕಲ್ಲು ಬಂದರೆ ನಾನೂ ಬರ್ತೇನೆ ಅಂದಿದ್ದಳು" ಅಂದೆ. ಕಲ್ಲು ಬಂದಿತ್ತು, ಅವಳು ಬಂದಿರಲಿಲ್ಲ.

ಅವನಿಗೆ ಅದು ಹೇಗೆ ತಿಳಿಯಬೇಕು? ಕೈ ಒರೆಸಿಕೊಂಡು, "ಹಾಗೆ ಹೇಳಿ ಮತ್ತೆ! ಅಮ್ಮ ಬಂದ್ಮೇಲೆ ಮಲಗೋದು ಇಲ್ಲೇ ಅಲ್ವಾ? ಕಲ್ಲಿಂದೂ ಅವ್ರದ್ದೂ ಸೇರ್ಸೇ ಗಾಳಿ ಹೊಡೀತೇನೆ. ಅವ್ರ ತೂಕ ಎಷ್ಟು?" ಅಂದ.

ನಗು ಉಕ್ಕಿತು. ನಕ್ಕೂ ನಕ್ಕೂ ಕಣ್ಣೀರು ಇಳಿಯಿತು, ಒರೆಸಿಕೊಳ್ಳಲಿಲ್ಲ.

"ಅದೊಂದು ಕೇಳಬೇಡ ಮಾರಾಯ. ಊರಿಗೆ ಗೊತ್ತಾಗ್ತದೆ ಅಂತ ನನಗೂ ಹೇಳದೆ ಹೋದವಳು."