ಸುಶೀಲಳ ಬೋನಸ್ಸು

ಕಾರು ಕೊಳ್ಳುವುದು ಸುಲಭ, ಕಾರಿನ ಕಾಗದಗಳನ್ನು ಸಾಕುವುದು ಕಷ್ಟ ಎಂಬ ಸತ್ಯ ನನಗೆ ಐವತ್ತೊಂಬತ್ತನೇ ವಯಸ್ಸಿನಲ್ಲಿ ತಿಳಿಯಿತು. ಇಷ್ಟು ತಡ ಯಾಕಾಯಿತು ಎಂದರೆ, ಅಲ್ಲಿಯವರೆಗೆ ಆ ಕಾಗದಗಳನ್ನು ಸಾಕುತ್ತಿದ್ದವಳು ನನ್ನ ಹೆಂಡತಿ ಸುಶೀಲ. ನಾನು ಪೀಣ್ಯ ಎರಡನೇ ಹಂತದ ಒಂದು ಸಣ್ಣ ಕಾರ್ಖಾನೆಯಲ್ಲಿ ಮೂವತ್ತು ವರ್ಷದಿಂದ ಕ್ವಾಲಿಟಿ ಇನ್‌ಸ್ಪೆಕ್ಟರು. ನಟ್ಟು ಬೋಲ್ಟುಗಳನ್ನು ಅಳೆಯುವುದು, ಕೂದಲೆಳೆಯಷ್ಟು ಹೆಚ್ಚುಕಡಿಮೆಯಾದರೂ ಕೆಂಪು ಚೀಟಿ ಕಟ್ಟಿ ಆಚೆಗಿಡುವುದು, ರಿಜಿಸ್ಟರಿನ ರಿಮಾರ್ಕ್ಸ್ ಕಾಲಮ್ಮಿನಲ್ಲಿ ಕಾರಣ ಬರೆಯುವುದು, ಇಷ್ಟೇ ನನ್ನ ಉದ್ಯೋಗ. ಇಂಥವನ ಕಣ್ಣು ಎಷ್ಟು ಚುರುಕಾಗಿರಬೇಕು ಎಂದು ನೀವು ಅಂದುಕೊಳ್ಳಬಹುದು. ಆದರೆ ಮನೆಯ ಇನ್ಶೂರೆನ್ಸ್ ಪಾಲಿಸಿ ಎಲ್ಲಿದೆ ಎಂದು ಯಾರಾದರೂ ಕೇಳಿದರೆ ನಾನು ಅಡುಗೆಮನೆಯ ಕಡೆ ತಿರುಗಿ "ಏನೇ" ಎಂದು ಕೂಗುತ್ತಿದ್ದೆ. ಈಗ ಹಾಗೆ ಕೂಗಿದರೆ ಫ್ರಿಜ್ಜು ಗುರ್ ಎನ್ನುತ್ತದೆ, ಅಷ್ಟೆ.

ನಮ್ಮ ಹಳೆಯ ಕಾರು ಇದ್ದದ್ದು ಸುಶೀಲಳ ಹೆಸರಿನಲ್ಲಿ. ಅವಳಿಗೆ ಕಾರು ಓಡಿಸಲು ಬರುತ್ತಿತ್ತೇ ಎಂದರೆ, ಸೈಕಲ್ಲೂ ಬರುತ್ತಿರಲಿಲ್ಲ. ಹದಿನೈದು ವರ್ಷದ ಹಿಂದೆ ಕಾರು ಬುಕ್ ಮಾಡುವ ಮೊದಲು ನಮ್ಮತ್ತೆ ನನ್ನನ್ನು ಒಂದು ಮಾತೂ ಕೇಳದೆ ನನ್ನ ಜಾತಕವನ್ನು ಜೋಯಿಸರಿಗೆ ತೋರಿಸಿಕೊಂಡು ಬಂದರು. ಜೋಯಿಸರು ಅದನ್ನು ಮೇಲಿಂದ ಕೆಳಗೆ ನೋಡಿ, "ಅಳಿಯಂದ್ರಿಗೆ ವಾಹನಯೋಗ ಇಲ್ಲಮ್ಮ. ಮಗಳ ಹೆಸರಲ್ಲಿ ತಗೊಳ್ಳಿ, ಕೂಡಿಬರುತ್ತೆ" ಎಂದರಂತೆ. ಕಂತು ಕಟ್ಟುವ ಯೋಗ ಮಾತ್ರ ನನ್ನ ಜಾತಕದಲ್ಲಿ ಧಾರಾಳವಾಗಿತ್ತು. ಹೀಗೆ ಸುಶೀಲ ಮಾಲೀಕಳಾದಳು, ನಾನು ಅವಳ ಡ್ರೈವರಾದೆ. ಆಯುಧಪೂಜೆಯ ದಿನ ನಾನು ನಿಂಬೆಹಣ್ಣಿನ ಮೇಲೆ ಚಕ್ರ ಹತ್ತಿಸಿದರೆ ಅವಳು ಹಿಂದಿನ ಸೀಟಿನಿಂದ ಕತ್ತು ಹೊರಗೆ ಹಾಕಿ, "ಎಡಗಡೇದು ಸರಿಯಾಗಿ ಅಪ್ಪಚ್ಚಿ ಆಗ್ಲಿಲ್ಲ, ಇನ್ನೊಂದ್ಸಲ ಹತ್ಸಿ" ಎನ್ನುತ್ತಿದ್ದಳು. ನಮ್ಮ ಮನೆಯ ಕ್ವಾಲಿಟಿ ಇನ್‌ಸ್ಪೆಕ್ಟರು ಅವಳೇ.

ಕಾರಿನ ಇನ್ಶೂರೆನ್ಸಿನಲ್ಲಿ ನೋ ಕ್ಲೇಮ್ ಬೋನಸ್ ಎಂದು ಒಂದಿದೆ. ವರ್ಷವಿಡೀ ಕಾರಿಗೆ ಏನೂ ಆಗದೆ, ನೀವು ಕಂಪನಿಯ ಹತ್ತಿರ ಬಿಡಿಗಾಸನ್ನೂ ಕೇಳದೆ ಇದ್ದರೆ ಮುಂದಿನ ವರ್ಷ ಕಟ್ಟುವುದರಲ್ಲಿ ಸ್ವಲ್ಪ ಬಿಡುತ್ತಾರೆ. ಹೀಗೇ ಐದಾರು ವರ್ಷ ಸುಮ್ಮನಿದ್ದರೆ ಅರ್ಧಕ್ಕೆ ಇಳಿಸುತ್ತಾರೆ. ಇದನ್ನು ಸುಶೀಲ ಸಾಕ್ಷಾತ್ ತನ್ನ ಸಂಪಾದನೆ ಎಂದೇ ತಿಳಿದಿದ್ದಳು. "ನೀವು ಅಷ್ಟು ವರ್ಷ ಬೋಲ್ಟ್ ಅಳೆದ್ರೂ ನಿಮ್ ಓನರ್ರು ದೀಪಾವಳಿಗೆ ಒಂದು ಸ್ವೀಟ್ ಬಾಕ್ಸ್ ಕೊಟ್ಟು ಕೈ ತೊಳ್ಕೊತಾರೆ. ನನಗೆ ನೋಡಿ, ಹಿಂದಿನ ಸೀಟಲ್ಲಿ ಕೂತಿದ್ದಕ್ಕೇ ಫಿಫ್ಟಿ ಪರ್ಸೆಂಟ್ ಬೋನಸ್ಸು" ಎಂದು ಪ್ರತಿವರ್ಷ ಹಂಗಿಸುತ್ತಿದ್ದಳು. ಏನೂ ಆಗದೇ ಇರೋದಕ್ಕೂ ಬಹುಮಾನ ಕೊಡ್ತಾರಲ್ಲ, ಎಷ್ಟು ಒಳ್ಳೆ ಜನ ಎಂದು ಬೇರೆ ಆಶ್ಚರ್ಯಪಡುತ್ತಿದ್ದಳು. ಏನೂ ಆಗದ ವರ್ಷ ಎಂದರೆ ಎಂಥ ದೊಡ್ಡ ವಿಷಯ ಎಂದು ನನಗೆ ಆಗ ಗೊತ್ತಿರಲಿಲ್ಲ, ನಾನು ನಗುತ್ತಿದ್ದೆ.

ನಿಜ ಹೇಳಬೇಕೆಂದರೆ ಕಾರಿಗೆ ಆಗಬಾರದ್ದೆಲ್ಲ ಆಗುತ್ತಲೇ ಇತ್ತು. ಜಾಲಹಳ್ಳಿ ಕ್ರಾಸಿನಲ್ಲಿ ಬಸ್ಸು ಸವರಿಕೊಂಡು ಹೋಯಿತು. ಮಾರ್ಕೆಟ್ಟಿನಲ್ಲಿ ಹಿಂದಕ್ಕೆ ತೆಗೆಯುವಾಗ ಕಬ್ಬಿನಹಾಲಿನ ಗಾಡಿಗೆ ಗುದ್ದಿದೆ. ನಮ್ಮ ಮನೆಯ ಗೇಟಿಗೇ ಎಷ್ಟು ಸಲ ಉಜ್ಜಿದ್ದೇನೆ ಎಂಬುದನ್ನು ಗೇಟೇ ಹೇಳಬೇಕು. ಪ್ರತಿಸಲವೂ ನಾನು "ಕ್ಲೇಮ್ ಮಾಡೋಣ ಕಣೇ" ಎನ್ನುವುದು, ಅವಳು "ಬೇಡ ರೀ, ಬೋನಸ್ ಹೋಗುತ್ತೆ" ಎನ್ನುವುದು. ಮರುದಿನ ನಾಗಸಂದ್ರ ಮೆಟ್ರೋ ಸ್ಟೇಷನ್ನಿನ ಕೆಳಗೆ ಸ್ಟಿಕರ್ ಮಾರುವವನ ಹತ್ತಿರ ಚೌಕಾಸಿ ಮಾಡಿ ಒಂದು ಸ್ಟಿಕರ್ ತಂದು ಗಾಯದ ಮೇಲೆ ಅಂಟಿಸುವಳು. ಬಲಬಾಗಿಲಿಗೆ ಗಣಪತಿ, ಹಿಂದಿನ ಬಂಪರಿಗೆ ಕನ್ನಡ ಬಾವುಟ, ಡಿಕ್ಕಿಯ ಮೇಲೆ 'ತಾಯಿಯ ಆಶೀರ್ವಾದ', ಎಡಬಾಗಿಲಿನಲ್ಲಿ ಒಂದರ ಹಿಂದೆ ಒಂದು ನಾಲ್ಕು ಚಿಟ್ಟೆ. ನಮ್ಮ ಬೀದಿಯವರು ನಮ್ಮನ್ನು ಮಹಾ ದೈವಭಕ್ತರು, ನಾಡಭಕ್ತರು ಎಂದು ನಂಬಿದ್ದರು. ಅದು ನನ್ನ ಡ್ರೈವಿಂಗಿನ ಚರಿತ್ರೆ ಎಂದು ನಮ್ಮಿಬ್ಬರಿಗೆ ಮಾತ್ರ ಗೊತ್ತಿತ್ತು.

ಕಳೆದ ವರ್ಷ ಮುಂಗಾರು ಶುರುವಾದ ವಾರ, ಒಂದು ಗುರುವಾರ ಬೆಳಿಗ್ಗೆ, ಒಗ್ಗರಣೆಗೆ ಸಾಸಿವೆ ಹಾಕಿದವಳು ಎದೆ ಹಿಡಿದುಕೊಂಡು ನೆಲದ ಮೇಲೆ ಕುಳಿತುಬಿಟ್ಟಳು. ಅವಳನ್ನು ಹಿಂದಿನ ಸೀಟಿನಲ್ಲಿ ಮಲಗಿಸಿಕೊಂಡು ತುಮಕೂರು ರಸ್ತೆಗೆ ಬಂದೆ. ಎಡಗಡೆಯಿಂದ ನುಗ್ಗಲು ಹೋಗಿ, ನಿಂತಿದ್ದ ಟೆಂಪೋ ಒಂದಕ್ಕೆ ಕಾರಿನ ಎಡ ಮುಂಭಾಗ ಕರಕರ ಎಂದು ಉಜ್ಜಿತು. ಆ ಸದ್ದಿಗೆ ಅವಳು ಕಣ್ಣು ಬಿಟ್ಟಳು. "ಕ್ಲೇಮ್ ಮಾಡ್ಬೇಡಿ ರೀ" ಎಂದಳು. "ಇಲ್ಲ ಕಣೇ, ಮಾಡಲ್ಲ" ಎಂದೆ. ಆಮೇಲೆ ಅವಳು ಮಾತಾಡಲಿಲ್ಲ. ಆಸ್ಪತ್ರೆಯ ಬಾಗಿಲಲ್ಲಿ ಡಾಕ್ಟರು ನೋಡಿ ತಲೆ ಅಲ್ಲಾಡಿಸಿದರು. ಮೂವತ್ತೊಂದು ವರ್ಷ ಸಂಸಾರ ಮಾಡಿದ ಹೆಂಗಸು ಹೋಗುವಾಗ ಮಗಳ ಹೆಸರನ್ನಾದರೂ ಹೇಳಬಾರದೇ, ನನಗೆ ಎರಡು ಬೈಗುಳವಾದರೂ ಬೈಯಬಾರದೇ, ಇನ್ಶೂರೆನ್ಸಿನ ಮಾತಾಡಿ ಹೋದಳಲ್ಲ ಎಂದು ನನಗೆ ಅವಳ ಮೇಲೆ ಬಹಳ ಸಿಟ್ಟಿತ್ತು. ಈಗಲೂ ಸ್ವಲ್ಪ ಇದೆ.

ಅವಳ ಫೋನನ್ನು ನಾನು ಬಂದ್ ಮಾಡಲಿಲ್ಲ. ಗ್ಯಾಸ್ ಬುಕ್ಕಿಂಗಿಗೆ, ಬ್ಯಾಂಕಿಗೆ ಅದೇ ನಂಬರು ಬೇಕು ಎಂದು ಎಲ್ಲರಿಗೂ ಹೇಳಿದ್ದೆ. ಮೂರು ತಿಂಗಳಾದ ಮೇಲೆ ಅದಕ್ಕೊಂದು ಮೆಸೇಜು ಬಂತು: "ಪ್ರಿಯ ಸುಶೀಲ ಅವರೇ, ಅವಘಡವಿಲ್ಲದ ಮತ್ತೊಂದು ವರ್ಷ ಪೂರೈಸಿದ್ದಕ್ಕೆ ಅಭಿನಂದನೆಗಳು. ನಿಮ್ಮ ಬೋನಸ್ ಸುರಕ್ಷಿತವಾಗಿದೆ. ಪಾಲಿಸಿ ನವೀಕರಿಸಲು ಇಲ್ಲಿ ಒತ್ತಿ." ಅವಘಡವಿಲ್ಲದ ವರ್ಷ ಎಂಬುದನ್ನು ಓದಿ ಮೊದಲು ನಗು ಬಂತು. ಆಮೇಲೆ ಏನು ಬಂತು ಎಂದು ನಿಮಗೆ ಹೇಳಬೇಕಾಗಿಲ್ಲ. ಎಲ್ಲ ಮುಗಿದ ಮೇಲೆ ಮುಖ ತೊಳೆದುಕೊಂಡು ಬಂದು, ಎಲ್ಲಿ ಒತ್ತಬೇಕೆಂದಿತ್ತೋ ಅಲ್ಲಿ ಒತ್ತಿ, ಅವಳ ಹೆಸರಿನಲ್ಲೇ ಹಣ ಕಟ್ಟಿದೆ. ಧನ್ಯವಾದಗಳು ಸುಶೀಲ ಎಂದು ಉತ್ತರವೂ ಬಂತು.

ಇಷ್ಟರಲ್ಲಿ ಕಾರಿಗೆ ಹದಿನೈದು ವರ್ಷ ತುಂಬುತ್ತಾ ಬಂದಿತ್ತು. ಮಗಳು ಅನಿತಾ ಬ್ರೂಕ್‌ಫೀಲ್ಡಿನ ಶಾಲೆಯೊಂದರಲ್ಲಿ ಟೀಚರು. ಪೀಣ್ಯದಿಂದ ಅಲ್ಲಿಗೆ ಹೋಗುವುದೆಂದರೆ ತಿಂಡಿ ತಿಂದು ಹೊರಟವನು ಊಟದ ಹೊತ್ತಿಗೆ ತಲುಪಿದರೆ ಪುಣ್ಯ. ಒಂದು ಭಾನುವಾರ ಹೆಬ್ಬಾಳದ ಫ್ಲೈಓವರ್ ಮೇಲೆ ಕಾರು ಹೊಗೆಯೆಬ್ಬಿಸಿ ನಿಂತು, ಹಿಂದಿನವರೆಲ್ಲ ನನ್ನ ವಂಶದ ವಿಚಾರ ಎತ್ತಿ ಮಾತಾಡಿದ ಮೇಲೆ ಅನಿತಾ ಹಟ ಹಿಡಿದು ಹೊಸ ಕಾರು ಬುಕ್ ಮಾಡಿಸಿದಳು. ಹಳೆಯದನ್ನು ಬದಲಿಗೆ ಕೊಡುವುದೆಂದು ಶೋರೂಮಿನಿಂದ ಅದನ್ನು ನೋಡಲು ಒಬ್ಬರು ಬಂದರು. ನಡುವಯಸ್ಸಿನವರು, ಕತ್ತಿಗೆ ಕನ್ನಡಕ ನೇತುಹಾಕಿಕೊಂಡಿದ್ದರು. ಬಾಗಿ, ಬೆರಳಿನಿಂದ ತಟ್ಟಿ, ಉಗುರಿನಿಂದ ಕೆರೆದು ನೋಡುವ ರೀತಿ ಕಂಡು ಇವರೂ ನಮ್ಮ ಜಾತಿಯವರೇ ಎಂದು ಗೌರವ ಹುಟ್ಟಿತು.

"ಸಾರ್, ಗಣಪತಿ ಕೆಳಗೆ ಡೆಂಟ್ ಇದೆ."

"ಗೊತ್ತು."

"ಬಾವುಟದ ಕೆಳಗೂ ಇದೆ."

"ಅದೂ ಗೊತ್ತು ಕಣ್ರೀ."

ಚಿಟ್ಟೆಗಳನ್ನೆಲ್ಲ ದಾಟಿ ಎಡ ಮುಂಭಾಗಕ್ಕೆ ಬಂದು ನಿಂತರು. "ಇದೊಂದಕ್ಕೆ ಸ್ಟಿಕರ್ ಹಾಕಿಲ್ವಲ್ಲ ಸಾರ್" ಎಂದರು.

"ಹಾಕೋರು ಊರಲ್ಲಿಲ್ಲ" ಎಂದೆ.

ಅವರು ಆರ್‌ಸಿ ಕಾರ್ಡು ನೋಡಿ, "ಓನರ್ ಮೇಡಂ ಸೈನ್ ಬೇಕಲ್ಲ ಸಾರ್. ಯಾವಾಗ ಬರ್ತಾರೆ?" ಎಂದು ಕೇಳಿದರು. "ಹೇಳಕ್ಕಾಗಲ್ಲ" ಎಂದೆ. ಬಾಗಿಲಲ್ಲಿ ನಿಂತಿದ್ದ ಅನಿತಾ ಒಳಗೆ ಹೋಗಿ ಮುನಿರಾಜುಗೆ ಫೋನ್ ಮಾಡಿದಳು.

ಮುನಿರಾಜು ನಮ್ಮ ಇನ್ಶೂರೆನ್ಸ್ ಏಜೆಂಟು. ಅವರ ತಾತ ರಾಗಿ ಬೆಳೆಯುತ್ತಿದ್ದ ಜಾಗದಲ್ಲಿ ಈಗ ಮೂರು ಶೆಡ್ಡುಗಳಿವೆ, ಬಾಡಿಗೆ ಬರುತ್ತದೆ. ಆದರೂ ಮನುಷ್ಯನಿಗೆ ಮಾತಾಡಲು ಒಂದು ನೆಪ ಬೇಕೆಂದು ಏಜೆನ್ಸಿ ಇಟ್ಟುಕೊಂಡಿದ್ದಾರೆ. ಸುಶೀಲಳ ಹನ್ನೊಂದನೇ ದಿನದ ಕಾರ್ಯಕ್ಕೆ ಬಂದು, ಎಲೆ ಎತ್ತುವವರೆಗೂ ಜೊತೆಗಿದ್ದವರು. ಅನಿತಾಳ ಫೋನಿಗೆ ಓಡಿ ಬಂದವರೇ ಕಾಗದ ನೋಡಿ ತಲೆಯ ಮೇಲೆ ಕೈ ಇಟ್ಟುಕೊಂಡರು.

"ಏನ್ ಸಾರ್ ಇಂಗ್ ಮಾಡ್ಬುಟ್ರಿ. ನನ್ ಒಂದ್ ಮಾತ್ ಕೇಳ್ದೆ ಫೋನಲ್ಲೇ ಕಟ್ಬುಟ್ಟಿದ್ದೀರಲ್ಲ. ಆ ಬೋನಸ್ಸು ಕಾರಿಂದಲ್ಲ ಸಾರ್, ಅಮ್ಮೋರ್‌ದು. ಅಮ್ಮೋರು ತೀರ್ಕೊಂಡ್ಮೇಲೆ ನಿಮ್ಗೇ ಬರ್ತಿತ್ತು. ಡೆತ್ ಸರ್ಟಿಫಿಕೇಟು, ವಂಶವೃಕ್ಷ ಕೊಟ್ಟಿದ್ರೆ ಕಾರೂ ನಿಮ್ಮೆಸ್ರಿಗೆ, ಬೋನಸ್ಸೂ ನಿಮ್ಮೆಸ್ರಿಗೆ. ಅದನ್ನ ಅಂಗೇ ಒಸಾ ಕಾರಿಗೆ ಆಕ್ಬೋದಿತ್ತು. ಇಲ್ದಿರೋರ ಎಸ್ರಲ್ಲಿ ಕಟ್ಟಿದ್ದು ಪಾಲಿಸಿನೇ ಅಲ್ಲ ಅಂತಾರೆ ಅವ್ರು. ಏಳು ತಿಂಗಳು ಇನ್ಶೂರೆನ್ಸೇ ಇಲ್ದೆ ಓಡ್ಸಿದ್ದೀರ. ಹಳೇದು ಮುಗ್ದು ತೊಂಬತ್ತು ದಿನ ದಾಟಿದ್ರೆ ಬೋನಸ್ಸು ಕೈ ಬಿಡ್ತು ಅಂತ್ಲೇ ಲೆಕ್ಕ."

ಅಂದರೆ ಹೊಸ ಕಾರಿಗೆ ಪೂರ್ತಿ ಕಟ್ಟಬೇಕು, ಕಟ್ಟಿದ್ದು ನೀರಿಗೆ ಹೋಯಿತು, ಸುಶೀಲ ಅಷ್ಟು ವರ್ಷ ಸ್ಟಿಕರ್ ಅಂಟಿಸಿ ಅಂಟಿಸಿ ಉಳಿಸಿದ್ದನ್ನು ನಾನು ಒಂದು ಬೆರಳಿನಲ್ಲಿ ಒತ್ತಿ ಕಳೆದೆ. ಹಣ ಹೋದದ್ದಕ್ಕೆ ಅಷ್ಟು ಸಂಕಟವಾಗಲಿಲ್ಲ. ಅವಳು ಕೊನೆಗೆ ಕಾಪಾಡಿ ಅಂದದ್ದು ಅದೊಂದನ್ನೇ ಅಲ್ಲವೇ? "ಏನಾದ್ರೂ ದಾರಿ ಇದ್ಯಾ ಮುನಿರಾಜು" ಎಂದು ನಾನು ಮೂರು ಸಲ ಕೇಳಿದೆ.

"ಒಂದ್ ಲೆಟರ್ ಬರ್ಕೊಡಿ. ತಿಳ್ಸೋದು ಯಾಕ್ ತಡ ಆಯ್ತು ಅಂತ ಕಾರಣ ಆಕಿ. ಕಾರಣ ಚೆನ್ನಾಗಿದ್ರೆ ಮೇಲ್ನೋರು ಕಣ್ ಬಿಟ್ ನೋಡ್ಬೋದು" ಎಂದರು.

ಮೊದಲು ನಾಡಕಚೇರಿಗೆ ಅಲೆದು ವಂಶವೃಕ್ಷ ಮಾಡಿಸಿದೆ. ಮನೆಯಲ್ಲಿ ಯಾರಿದ್ದಾರೆ, ಯಾರಿಲ್ಲ ಎಂದು ಸರ್ಕಾರ ಬರೆದುಕೊಡುವ ಕಾಗದ ಅದು. ವೃಕ್ಷ ಎಂದರೆ ನಾನು ಏನೋ ದೊಡ್ಡದು ಎಂದುಕೊಂಡಿದ್ದೆ. ನಮ್ಮದರಲ್ಲಿ ಮೂರೇ ಹೆಸರು, ಒಂದರ ಮುಂದೆ ಮೃತ ಎಂದು ಬರೆದಿತ್ತು. ಅದನ್ನು ಹಿಡಿದುಕೊಂಡು ಮುನಿರಾಜು ಜೊತೆ ದರ್ಶಿನಿಯೊಂದರಲ್ಲಿ ಪತ್ರ ಬರೆಯಲು ಕುಳಿತೆ. ಮೂವತ್ತು ವರ್ಷ ರಿಮಾರ್ಕ್ಸ್ ಬರೆದ ಕೈ ಅಂದು ಏಳಲಿಲ್ಲ. ಕೆಲಸದ ಒತ್ತಡ ಎಂದು ಬರೆದೆ, ಅದು ಸುಳ್ಳು, ಹರಿದೆ. ಅನಾರೋಗ್ಯ ಎಂದು ಬರೆದೆ, ಗುಂಡುಕಲ್ಲಿನ ಹಾಗಿದ್ದೆ, ಅದನ್ನೂ ಹರಿದೆ. ಕಡೆಗೆ ಮೂರನೇ ಹಾಳೆಯಲ್ಲಿ 'ಮರೆತಿದ್ದೆ' ಎಂದಷ್ಟೇ ಬರೆದು ಸಹಿ ಹಾಕಿ ಕೊಟ್ಟೆ.

ಮುನಿರಾಜು ಓದಿ, "ಏನ್ ಮರ್ತಿದ್ರಿ ಸಾರ್? ದುಡ್ ಕಟ್ಟೋದಾ? ಕಟ್ಟಿದ್ದೀರಲ್ಲ" ಎಂದರು.

"ಅದಲ್ಲ. ಅವಳಿಲ್ಲ ಅನ್ನೋದು. ಹೆಸರು ಹಿಡಿದು ಮೆಸೇಜ್ ಬಂತಲ್ಲ, ಕಟ್ಟೋವಾಗ ಮರ್ತೇಹೋಗಿತ್ತು."

ಅವರು ಕಾಫಿ ಲೋಟ ಪಕ್ಕಕ್ಕಿಟ್ಟರು. "ಇದನ್ನ ಒಪ್ಪಲ್ಲ ಸಾರ್" ಎಂದು ಮೆಲ್ಲಗೆ ಹೇಳಿ, ಅದೇ ಹಾಳೆಯನ್ನು ಮಡಿಸಿ ಜೇಬಿಗಿಟ್ಟುಕೊಂಡರು. ಕಾಫಿಯ ದುಡ್ಡು ಕೊಡಲು ನನ್ನನ್ನು ಬಿಡಲಿಲ್ಲ.

ಅವರು ಹೇಳಿದಂತೆ ಕಂಪನಿ ಒಪ್ಪಲಿಲ್ಲ. ತಮ್ಮ ದುಃಖದಲ್ಲಿ ನಾವೂ ಭಾಗಿಗಳು, ಬೋನಸ್ ವರ್ಗಾಯಿಸಲು ಸಾಧ್ಯವಿಲ್ಲ ಎಂದು ಎರಡು ಸಾಲಿನ ಉತ್ತರ ಬಂತು. ಅದಕ್ಕೆ ನಾನು ತಯಾರಾಗಿದ್ದೆ. ತಯಾರಿಲ್ಲದ ಖರ್ಚು ಇನ್ನೊಂದಿತ್ತು. ನನ್ನ ಪತ್ರ ತಲುಪಿದ ಮೇಲೆ ಅವರು ಅವಳ ಹೆಸರನ್ನು ಎಲ್ಲ ಕಡೆಯಿಂದ ತೆಗೆದುಹಾಕಿದರು, ಅವಳ ಫೋನು ಸುಮ್ಮನಾಯಿತು. ಹೋದ ವರ್ಷ ಕಾರ್ತಿಕದಲ್ಲಿ ಅವಳ ಹುಟ್ಟುಹಬ್ಬಕ್ಕೆ ಇಡೀ ಪ್ರಪಂಚದಲ್ಲಿ ಶುಭಾಶಯ ಕಳಿಸಿದ್ದು ಆ ಕಂಪನಿಯೊಂದೇ, ದೀರ್ಘಾಯುಷ್ಯವನ್ನೂ ಹಾರೈಸಿತ್ತು. ಈ ಸಲ ಬೆಳಗಿನಿಂದ ಸಂಜೆಯವರೆಗೆ ಫೋನನ್ನು ಊಟದ ಮೇಜಿನ ಮೇಲೆ ಇಟ್ಟುಕೊಂಡು ಕಾದೆ. ಗ್ಯಾಸಿನವರು ಕೂಡ ಏನೂ ಹೇಳಲಿಲ್ಲ.

ಹೊಸ ಕಾರು ಬಂದಿದೆ. ವಾಹನಯೋಗವಿಲ್ಲದ ನನ್ನ ಹೆಸರಿನಲ್ಲೇ ಇದೆ. ಪಾಲಿಸಿಯಲ್ಲಿ ನೋ ಕ್ಲೇಮ್ ಬೋನಸ್ ಎಂಬಲ್ಲಿ ಸೊನ್ನೆ ಎಂದು ಅಚ್ಚಾಗಿದೆ. ಹಳೆಯದನ್ನು ಒಪ್ಪಿಸುವ ದಿನ ಡ್ಯಾಶ್‌ಬೋರ್ಡಿನ ಖಾನೆ ಖಾಲಿ ಮಾಡಿದಾಗ ಪಾರ್ಕಿಂಗ್ ಚೀಟಿಗಳು, ಅವಳ ಒಂದು ಹೇರ್‌ಪಿನ್ನು, ಕರಗಿ ಅಂಟಿಕೊಂಡ ಹುಣಸೆ ಪೆಪ್ಪರಮಿಂಟು, ಅದರಡಿ ಒಂದು ಸ್ಟಿಕರ್ ಹಾಳೆ ಸಿಕ್ಕಿತು. ಐದು ಚಿಟ್ಟೆಯ ಹಾಳೆ, ನಾಲ್ಕನ್ನು ಬಳಸಿದ್ದಳು. ನನ್ನ ಡ್ರೈವಿಂಗಿನ ಮೇಲೆ ಅವಳಿಗಿದ್ದ ನಂಬಿಕೆ ಅಂಥದ್ದು, ಮುಂದಿನದಕ್ಕೆ ಒಂದನ್ನು ಉಳಿಸಿಯೇ ಇಟ್ಟಿದ್ದಳು. ಅದನ್ನು ತೆಗೆದು ಹೊಸ ಕಾರಿನಲ್ಲಿಟ್ಟೆ.

ಹೋದ ಭಾನುವಾರ ಅನಿತಾ ಬಂದಿದ್ದಳು. ಅವಳನ್ನು ಬ್ರೂಕ್‌ಫೀಲ್ಡಿಗೆ ಬಿಡೋಣವೆಂದು ಕಾರನ್ನು ಹಿಂದಕ್ಕೆ ತೆಗೆದೆ. ಅದೇ ಗೇಟು, ಅದೇ ಕಂಬ, ಎಡಬಾಗಿಲು ಸರಿಯಾಗಿ ಉಜ್ಜಿತು. ಅನಿತಾ ಇಳಿದು ನೋಡಿ, "ಪೂರ್ತಿ ಕಟ್ಟಿದ್ದೀಯಲ್ಲಪ್ಪ, ಕ್ಲೇಮ್ ಮಾಡು" ಎಂದಳು.

"ಬೇಡ ಕಣೇ, ಬೋನಸ್ ಹೋಗುತ್ತೆ" ಎಂದೆ.

"ಯಾವ ಬೋನಸ್ಸಪ್ಪ? ನಿಂದು ಸೊನ್ನೆ ಅಲ್ವಾ" ಎಂದವಳು ಮುಖ ಆಚೆ ತಿರುಗಿಸಿಕೊಂಡು ಗೇಟಿನ ಚಿಲಕ ಹಾಕಿದಳು. ಹಾಕಿ ಮುಗಿದ ಮೇಲೂ ಸುಮಾರು ಹೊತ್ತು ಹಾಕುತ್ತಲೇ ಇದ್ದಳು.

ನಾನು ಐದನೆಯ ಚಿಟ್ಟೆಯನ್ನು ತೆಗೆದು ಗಾಯದ ಮೇಲೆ ಅಂಟಿಸಿದೆ. ಎಷ್ಟು ಹುಷಾರಾಗಿ ಹಿಡಿದರೂ ಒಂದು ರೆಕ್ಕೆ ಸೊಟ್ಟಗಾಯಿತು, ಅದರ ಪಕ್ಕದಲ್ಲೇ ಗಾಯದ ತುದಿಯೂ ಇಷ್ಟು ಕಾಣುತ್ತದೆ. ಇನ್ಯಾರಾದರೂ ಹೀಗೆ ಅಂಟಿಸಿದ್ದರೆ ಆ ಕ್ಷಣವೇ ಕೆಂಪು ಚೀಟಿ ಕಟ್ಟಿ ಆಚೆಗಿಡುತ್ತಿದ್ದೆ. ಮೂವತ್ತು ವರ್ಷದ ಸರ್ವೀಸಿನಲ್ಲಿ ಮೊದಲ ಸಲ, ಕಾರಣ ಬರೆಯದೆ, ಪಾಸ್ ಮಾಡಿದ್ದೇನೆ.