ಹದಿನಾಲ್ಕು ಅಡಿಟಿಪ್ಪಣಿಗಳ ಪರಿಚಯ ಭಾಷಣ

ನನ್ನ ಪರಿಚಯ ಭಾಷಣಕ್ಕೆ ಹದಿನಾಲ್ಕು ಅಡಿಟಿಪ್ಪಣಿಗಳಿದ್ದವು. ಅವನ್ನೂ ಓದಿದೆ.

ಆಡಬೇಕಾಗಿದ್ದದ್ದು ಎರಡು ನಿಮಿಷದ ಮಾತು. ಮುಂಬಯಿಯ ಭಾಂಡುಪಿನ ನಮ್ಮ ಬಿಲ್ಡಿಂಗಿನಲ್ಲಿ, ನಮ್ಮ ಮನೆಯ ನೇರ ಮೇಲೆ, ಮೂರನೇ ಮಹಡಿಯಲ್ಲಿ ಧಾರವಾಡದ ಕಡೆಯ ಗಂಗವ್ವಜ್ಜಿ ಮತ್ತು ಅವರ ಮೊಮ್ಮಗಳು ಗೌರಿ ಇದ್ದಾರೆ. ಗೌರಿ ಇನ್ನಿಬ್ಬರನ್ನು ಸೇರಿಸಿಕೊಂಡು ರಾಕ್ ಮತ್ತು ಸೋಲ್ ಸಂಗೀತದ ಬ್ಯಾಂಡ್ ಮಾಡಿದ್ದಾಳೆ. ಹಾಡು, ಗಿಟಾರ್ ಅವಳದು. ಬೇಸ್ ಗಿಟಾರ್ ನೆಲ್ಸನ್‌ನದು. ಡ್ರಮ್ಸ್ ತುಷಾರನದು. ಮನೆಯಲ್ಲಿ ಹಾಡಲು ಅಜ್ಜಿಯ ಅಪ್ಪಣೆಯಿಲ್ಲದ್ದರಿಂದ ಪ್ರತಿ ಭಾನುವಾರ ಎರಡು ಲೋಕಲ್ ರೈಲು ಬದಲಿಸಿ ಬೊರಿವಲಿಗೆ, ನೆಲ್ಸನ್ ಮನೆಗೆ ಹೋಗುತ್ತಾಳೆ.

ನಮ್ಮ ಕನ್ನಡ ಸಂಘ ಈ ಮೂವರನ್ನು ವಾರ್ಷಿಕೋತ್ಸವಕ್ಕೆ ಕರೆಯಿತು. ಅಜ್ಜಿ ಅಂತಿಮ ತೀರ್ಪಿನ ದಿನ ನಿಗದಿ ಮಾಡಿದರು.

“ಒಮ್ಮೆ ಬಂದು ಕೇಳ್ತೀನಿ. ಮನಸಿಗೆ ಬಂದ್ರ ಮನ್ಯಾಗ ಹಾಡ್ಕೋ. ಬರಲಿಲ್ಲಂದ್ರ ಆ ಗಿಟಾರ್ ಅಟ್ಟಕ್ಕ!”

ಪರಿಚಯ ಮಾಡಿಕೊಡುವ ಹೊಣೆ ನನಗೆ ಬಂತು. ಪರೇಲಿನ ಒಂದು ಆಫೀಸಿನಲ್ಲಿ ವರದಿಗಳನ್ನು ತಿದ್ದುವುದು ನನ್ನ ಕೆಲಸ. ಲಿಫ್ಟಿನಲ್ಲಿ ಯಾರಾದರೂ ನಕ್ಕರೆ ಮಹಡಿಯ ನಂಬರ್ ನೋಡುತ್ತಾ ನಿಲ್ಲುವವಳು ನಾನು. ಇಂಥವಳು ಎರಡು ನಿಮಿಷ ಮೀರುವುದುಂಟೇ ಎಂದು ಸಂಘದ ಕಾರ್ಯದರ್ಶಿಗಳು ನಂಬಿದರು. ನಾನೂ ನಂಬಿದೆ.

“ಸದಸ್ಯರು ಯಾರು, ಅವರ ಸಂಗೀತದ ಬೇರು ಯಾವುದು, ಅಷ್ಟು ಹೇಳಿಬಿಡಮ್ಮ, ಸಾಕು” ಎಂದರು.

ಬೇರು ಎಂದ ಮೇಲೆ ಅಗೆಯಬೇಕಲ್ಲ!

ತುಷಾರ್ ಸಿಕ್ಕ. ಗಣಪತಿ ಮೆರವಣಿಗೆಯ ಢೋಲ್ ತಂಡದಲ್ಲಿ ಬೆಳೆದವನು. ನಾಲ್ಕು ಪುಟವಾಯಿತು. ನೆಲ್ಸನ್ ಸಿಕ್ಕ. ಚರ್ಚಿನ ಗಾಯನವೃಂದದಲ್ಲಿ ಹಿಂದಿನ ಸಾಲಿನವನು, ಧ್ವನಿ ಒಡೆದ ಮೇಲೆ ಬೇಸ್ ಹಿಡಿದವನು. ಐದು ಪುಟ. ಕೊನೆಗೆ ಗೌರಿಯನ್ನು ಕೇಳಿದೆ, “ಸೋಲ್ ಸಂಗೀತ ಅಂದರೆ ನಿಖರವಾಗಿ ಏನು?”

“ಅರೇ ಅಕ್ಕಾ, ಸುನ್‌ಕೇ ದೇಖೋ ನಾ! ಕೇಳಿದ್ರ ಗೊತ್ತಾಕ್ಕತಿ.”

ನಾನು ಕೇಳಲಿಲ್ಲ. ಓದಿದೆ. ಮೂರು ಪುಸ್ತಕ!

“ನಿನಗೆ ಆ ಕಂಠ ಎಲ್ಲಿಂದ ಬಂತು?” ಎಂದೂ ಕೇಳಿದೆ. ಅವಳು ಬಾಗಿಲ ಕಡೆ ನೋಡಿ ದನಿ ತಗ್ಗಿಸಿದಳು. “ಅಜ್ಜಿ ಕಿಟಕಿಯಿಂದ ಮೇಥಿ ಸೊಪ್ಪಿನವನನ್ನ ಕೂಗ್ತಾಳಲ್ಲ, ಅದನ್ನ ಕೇಳಿ ಕೇಳಿ ಬಂದದ್ದು. ಇದನ್ನ ಮಾತ್ರ ಭಾಷಣದಾಗ ಬರೀಬ್ಯಾಡ್ರಿ, ಅಕ್ಕಾ.”

ಆಗಲಿ ಎಂದೆ. ಕೊಟ್ಟ ಮಾತಿಗೆ ತಪ್ಪುವವಳಲ್ಲ ನಾನು. ಭಾಷಣದಲ್ಲಿ ಬರೆಯಲಿಲ್ಲ. ಅಡಿಟಿಪ್ಪಣಿಯಲ್ಲಿ ಹಾಕಿದೆ.

ವಾರ್ಷಿಕೋತ್ಸವದ ಭಾನುವಾರ ಹಾಲ್ ನಮಗೆ ಐದು ಗಂಟೆಯವರೆಗೆ ಮಾತ್ರ. ಆಮೇಲೆ ಯಾರದೋ ಮದುವೆಯ ಹಳದಿ, ಅಂದರೆ ಅರಿಶಿನ ಶಾಸ್ತ್ರವಿತ್ತು. ನಾನು ಮೈಕಿನ ಮುಂದೆ ನಿಂತಾಗ ನಾಲ್ಕೂ ಕಾಲು. ಮುಂದಿನ ಸಾಲಿನಲ್ಲಿ ಗಂಗವ್ವಜ್ಜಿ, ರೇಷ್ಮೆ ಸೀರೆ, ಮಡಿಲಲ್ಲಿ ಕೈಚೀಲ. ಅಷ್ಟು ಜನರನ್ನು ಕಂಡದ್ದೇ ಕಣ್ಣು ಕಾಗದಕ್ಕೆ ನೆಟ್ಟೆ. ಕೊನೆಯ ಟಿಪ್ಪಣಿಯವರೆಗೆ ಮೇಲೆತ್ತಲಿಲ್ಲ.

ಸೋಲ್ ಸಂಗೀತ ಹುಟ್ಟಿದ ಅಮೆರಿಕದ ಕಪ್ಪು ಜನರ ಚರ್ಚುಗಳಿಂದ ಆರಂಭಿಸಿದೆ. ಕಾರ್ಯದರ್ಶಿಗಳು ಗಡಿಯಾರ ತೋರಿಸಿದರಂತೆ. ನನಗೆ ಕಾಣಲಿಲ್ಲ. ನೀರು ತಂದಿಟ್ಟರು. ಎಂಥ ಸಜ್ಜನರು ಎಂದುಕೊಂಡು ಕುಡಿದು ಮುಂದುವರಿಸಿದೆ. ಕಡೆಗೆ ಒಂದು ಚೀಟಿ ಬಂದು ನನ್ನ ಪುಟದ ಮೇಲೆ ಕೂತಿತು. ಓದುವ ಭರದಲ್ಲಿ ಅದನ್ನೂ ಓದಿಬಿಟ್ಟೆ: “ದಯವಿಟ್ಟು ಸಾಕು, ಮುಗಿಸಿ.”

ಸಭೆ ಜೋರಾಗಿ ಚಪ್ಪಾಳೆ ತಟ್ಟಿತು. ಮೆಚ್ಚುಗೆ! ನನ್ನ ಧೈರ್ಯ ಇಮ್ಮಡಿಯಾಯಿತು. ಅಡಿಟಿಪ್ಪಣಿಗಳಿಗೆ ಇಳಿದೆ.

“ಟಿಪ್ಪಣಿ ಹದಿನಾಲ್ಕು. ಗಾಯಕಿಯ ಕಂಠದ ಮೂಲ, ಆಕೆಯ ಅಜ್ಜಿ ಮೂರನೇ ಮಹಡಿಯ ಕಿಟಕಿಯಿಂದ ಮೇಥಿ ಮಾರುವವನನ್ನು ಕರೆಯುವ ಕ್ರಮ.”

ಮುಂದಿನ ಸಾಲಿನಲ್ಲಿ ಕುರ್ಚಿಯೊಂದು ಕಿರುಗುಟ್ಟಿತು. ಆಗ ತಲೆ ಎತ್ತಿದೆ. ಗಂಗವ್ವಜ್ಜಿ ಎದ್ದು ನಿಂತಿದ್ದರು.

“ಯಾರವಾ ಕೂಗಾಕಿ? ನಾನಾ?”

ವೇದಿಕೆಯ ಪಕ್ಕದಲ್ಲಿ ಗೌರಿ ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡಿದ್ದಳು. ಗಡಿಯಾರದಲ್ಲಿ ಐದಕ್ಕೆ ಮೂರು ನಿಮಿಷ. ಹಳದಿಯವರು ಚೆಂಡುಹೂವಿನ ಬುಟ್ಟಿ ಹೊತ್ತು ಒಳಗೆ ಬಂದೇಬಿಟ್ಟರು. ವಾಚ್‌ಮನ್ “ಟೈಮ್ ಖತಮ್!” ಎಂದು ಮೈಕು, ಸ್ಪೀಕರು ಎಲ್ಲದರ ಸ್ವಿಚ್ ಆರಿಸಿದ.

ಬೇರು, ಕಾಂಡ ಎಲ್ಲ ಆಗಿತ್ತು. ಹಾಡೊಂದೇ ಆಗಿರಲಿಲ್ಲ! ಗಿಟಾರ್ ಅಟ್ಟ ಹತ್ತುವುದನ್ನು ಕಣ್ಣಾರೆ ಕಂಡಂತಾಯಿತು. ಹತ್ತಿಸಿದವಳು ನಾನೇ.

ಗೌರಿ ನನ್ನನ್ನು ನೋಡಲಿಲ್ಲ. ಅಜ್ಜಿಯನ್ನೇ ನೋಡುತ್ತಾ ವೇದಿಕೆಯ ಅಂಚಿಗೆ ಬಂದಳು. ತುಷಾರ್ ಒಂದು ಪ್ಲಾಸ್ಟಿಕ್ ಕುರ್ಚಿ ಎಳೆದುಕೊಂಡು ಅದರ ಮೇಲೆ ತಾಳ ಹಿಡಿದ. ನೆಲ್ಸನ್ ಬೇಸ್ ಕೆಳಗಿಟ್ಟು ಬಾಯಲ್ಲೇ ಮಂದ್ರ ಗುನುಗಿದ. ಗೌರಿ ಹಾಡಿದಳು. ಮೈಕಿಲ್ಲ, ಏನಿಲ್ಲ. ಮೂರನೇ ಮಹಡಿಯಿಂದ ಗೇಟಿನವರೆಗೆ ಮುಟ್ಟುವ ಆ ದನಿ! ಹೂವಿನ ಬುಟ್ಟಿಯವರು ಬುಟ್ಟಿ ಇಳಿಸಿ ನಿಂತರು. ವಾಚ್‌ಮನ್ ಕೂಡ ಗಡಿಯಾರ ಮರೆತ. ಅವಳ ಹಾಡನ್ನು ನಾನು ಕೇಳಿದ್ದು ಅದೇ ಮೊದಲು. ಮೂರು ಪುಸ್ತಕದಲ್ಲಿ ಇಲ್ಲದ್ದು ಮೂರು ನಿಮಿಷದಲ್ಲಿ ಗೊತ್ತಾಯಿತು. ಕಣ್ಣು ಒರೆಸಿಕೊಳ್ಳಲು ಸಿಕ್ಕಿದ್ದು ಭಾಷಣದ ಹತ್ತನೇ ಪುಟ.

ಎಲ್ಲರೂ ಅಜ್ಜಿಯ ಕಡೆ ನೋಡಿದರು.

“ಉಸಿರು ಎಲ್ಲಿ ತಗೋಬೇಕಂತ ತಿಳಿವಲ್ದು ಈಕಿಗೆ” ಎಂದರು ಗಂಗವ್ವಜ್ಜಿ. “ನಾಳಿಂದ ಮನ್ಯಾಗ ಹಾಡು. ನಾ ಕಲಸ್ತೀನಿ.”

ಗೌರಿ ವೇದಿಕೆಯಿಂದಲೇ ಜಿಗಿದು ಅಜ್ಜಿಯನ್ನು ತಬ್ಬಿಕೊಂಡಳು. ನಾನು ಸದ್ದಿಲ್ಲದೆ ಜಾರಿಕೊಳ್ಳುತ್ತಿದ್ದೆ. ಅಜ್ಜಿ ನನ್ನ ದುಪಟ್ಟಾದ ತುದಿ ಹಿಡಿದರು.

“ಭಾಷಣದಾಕಿ, ನಿಲ್ಲು. ನಾ ಕೂಗೂದು ಮೇಥಿಯಂವನ್ನ ಅಲ್ಲ, ಪುಂಡಿಪಲ್ಯಾದಂವನ್ನ. ಓದಿದಾಕಿ ಅಂತೀ, ಖರೇ ಏನಂತ ಕೇಳಿ ಬರಿಬಾರದ?”

ಮರುದಿನ ಬೆಳಿಗ್ಗೆ ಪರೇಲಿಗೆ ಹೊರಡುವ ಮುಂಚೆ ಟಿಪ್ಪಣಿ ಹದಿನಾಲ್ಕನ್ನು ತಿದ್ದಿದೆ. ಮೇಥಿ ಹೊಡೆದುಹಾಕಿ ಪುಂಡಿಪಲ್ಯ ಎಂದು ಬರೆದು, ಹೊಸ ಪ್ರತಿ ತೆಗೆದು ಮೂರನೇ ಮಹಡಿ ಹತ್ತಿದೆ. ಒಳಗೆ ಗೌರಿ ಒಂದೇ ಸಾಲನ್ನು ಮತ್ತೆ ಮತ್ತೆ ಹಾಡುತ್ತಿದ್ದಳು. “ಉಸಿರು! ಉಸಿರು!” ಎಂದು ಅಜ್ಜಿ ಗದರುತ್ತಿದ್ದರು. ನಾನು ಬೆಲ್ ಒತ್ತಲಿಲ್ಲ. ಕಾಗದವನ್ನು ಬಾಗಿಲ ಕೆಳಗೆ ತೂರಿಸಿ ಇಳಿದು ಬಂದೆ.

ಬೆಲ್ ಒತ್ತಿದ್ದರೆ ಎರಡು ನಿಮಿಷ ಮಾತಾಡಬೇಕಾಗುತ್ತಿತ್ತು. ನನ್ನ ಎರಡು ನಿಮಿಷ ಎಂದರೆ ಎಷ್ಟೆಂದು ಈಗ ಇಡೀ ಭಾಂಡುಪಿಗೆ ಗೊತ್ತು!