ಅತಿಥಿಗಳಿಗೆ ತುಂಬಿಸಿದ ಟ್ಯಾಂಕು

ಅಮ್ಮಾನ್ ನಗರದ ಪೂರ್ವ ಭಾಗದ ಆ ಗುಡ್ಡದ ಬೀದಿಗೆ ವಾರಕ್ಕೊಮ್ಮೆ ನೀರು ಬರುತ್ತದೆ, ಅದೂ ದಾರಿಯಲ್ಲಿ ಚರಂಡಿಯನ್ನು ಮಾತಾಡಿಸಿಕೊಂಡು. ಚಪ್ಪಲಿ ಹೊಲಿಯುವ ಮುನೀರನ ಐದು ವರ್ಷದ ಮಗಳು ರೀಮ್ ಅದನ್ನು ಕುಡಿದೇ ಈ ತಿಂಗಳು ಮೂರನೇ ಸಲ ಆಸ್ಪತ್ರೆ ಸೇರಿದ್ದಳು. ಪಶ್ಚಿಮದ ಬಂಗಲೆಗಳಲ್ಲಿ ಕಾರು ತೊಳೆಯುವ ನೀರೂ ಕನ್ನಡಿಯ ಹಾಗಿರುತ್ತದೆ!

ಮುನೀರ್ ಎರಡು ವರ್ಷ ಅಲೆದ. ಆರೋಗ್ಯದವರು ನೀರಿನವರ ಕಡೆ ಕೈ ತೋರಿಸಿದರು, ನೀರಿನವರು ನಗರಸಭೆಯ ಕಡೆ, ನಗರಸಭೆಯವರು ಗೋಡೆ ಗಡಿಯಾರದ ಕಡೆ. ಕೊನೆಗೆ, ಬಡವರಿಗೂ ಸಾಹುಕಾರರಿಗೂ ಆರೋಗ್ಯದಲ್ಲಿರುವ ಅಂತರ ಅಳಿಸಲೆಂದು ಮೂರೂ ಇಲಾಖೆ ಸೇರಿ ಒಂದು ಸಮಿತಿಯಾಯಿತು. ಇವತ್ತು ಮುನೀರನ ಮನೆಯ ನೀರಿನ ಪರೀಕ್ಷೆ. ಕೆಟ್ಟಿದೆ ಎಂದು ಬರೆದರೆ ಬೀದಿಗೆ ಹೊಸ ಪೈಪು.

ಸಮಿತಿಯವರು ಬೆಳಗ್ಗೆ ಎಂಟಕ್ಕೆ ಬರುತ್ತೇವೆಂದಿದ್ದರು. ಹೆಂಡತಿ ಆಸ್ಪತ್ರೆಯಲ್ಲಿ ಮಗಳ ಹತ್ತಿರ. ಮುನೀರ್ ಮನೆಯ ಕೀಲಿಯನ್ನು ಚಿಕ್ಕಮ್ಮನಂತಿದ್ದ ಪಕ್ಕದ ಮನೆಯ ಉಮ್ಮ್ ಝೈದಾನಳ ಕೈಗಿತ್ತು, "ಖಾಲಾ, ಸ್ವಲ್ಪ ಕಾಫಿ ಮಾಡಿಡಿ" ಎಂದು ಹೇಳಿ, ಅವರನ್ನು ಕರೆತರಲು ದೊಡ್ಡ ರಸ್ತೆಗೆ ಹೋಗಿ ನಿಂತ. ಅವರು ಬಂದದ್ದು ಒಂದೂವರೆಗೆ. ಕಾರಿನ ಮುಂದಿನ ಸೀಟಿನಲ್ಲಿ ಯಾವ ಇಲಾಖೆ ಕೂರಬೇಕೆಂದು ತೀರ್ಮಾನವಾಗಲು ಅಷ್ಟು ಹೊತ್ತು ಹಿಡಿದಿತ್ತಂತೆ.

ಇಲಾಖೆಗೊಬ್ಬರಂತೆ ಬಂದ ಮೂವರೂ ಉಮ್ಮ್ ಝೈದಾನ್ ಕೊಟ್ಟ ಏಲಕ್ಕಿ ಕಾಫಿ ಕುಡಿದರು. ನೀರಿನ ಇಂಜಿನಿಯರ್ ಅಡಿಗೆಮನೆಯ ನಲ್ಲಿ ತಿರುಗಿಸಿ, ಬಾಟಲಿ ತುಂಬಿಸಿ, ಬೆಳಕಿಗೆ ಹಿಡಿದ. ಒಳ್ಳೇ ಸ್ಫಟಿಕ!

"ಇದಕ್ಕೇನ್ರೀ ಆಗಿದೆ ಧಾಡಿ?"

ಮುನೀರ್ ಉಮ್ಮ್ ಝೈದಾನಳ ಕಡೆ ತಿರುಗಿದ. "ಖಾಲಾ! ಏನ್ ಮಾಡಿದ್ರಿ?"

"ಏನ್ ಮಾಡೋದು? ಮನೆಗೆ ಬಂದ ಅತಿಥಿಗಳಿಗೆ ಆ ಹೊಲಸು ನೀರಲ್ಲಿ ಕಾಫಿ ಕೊಟ್ಟು ಬೀದಿ ಮಾನ ಕಳೀಲಾ? ಬೆಳಗ್ಗೆ ಎಲ್ಲಾ ಸೇರಿ ಮಹಡಿ ಮೇಲಿನ ನಿನ್ನ ಟ್ಯಾಂಕು ತಿಕ್ಕಿ ತೊಳೆದು, ಲಾರಿ ನೀರು ತರಿಸಿ ತುಂಬಿಸಿದ್ವಿ ಕಣಪ್ಪಾ!"

"ಇಂಜಿನಿಯರ್ ಸಾಹೇಬ್ರೇ, ಇದು ಲಾರಿ ನೀರು! ಅಲ್ಲಾನಾಣೆ! ನಾಳೆ ನಮ್ಮ ಬೀದಿಗೆ ನೀರು ಬಿಡ್ತಾರೆ, ನಾಳೆ ಬಂದು ನೋಡಿ!"

"ನಾಳೆ ನಂಗೆ ಬಿಡುವಿಲ್ಲ," ಎಂದ ನಗರಸಭೆಯವನು.

"ಮೂರು ಇಲಾಖೆ ಒಟ್ಟಿಗೆ ಹೊರಡೋದು ಅಂದ್ರೇನು ತಮಾಷೇನಾ?" ಎಂದಳು ಆರೋಗ್ಯ ಇಲಾಖೆಯ ಮೇಡಂ.

"ತಮಾಷೆ? ಅಲ್ಲಿ ನನ್ ಮಗಳು ಸಾಯ್ತಾ ಬಿದ್ದಿದಾಳೆ! ನಾಚಿಕೆ ಆಗಲ್ವಾ ನಿಮಗೆ?"

ಬಾಟಲಿ ಕಿತ್ತುಕೊಳ್ಳಲು ನುಗ್ಗಿದ. ಒಡೆದದ್ದು ಅವನದೇ ಕಾಫಿ ಬಟ್ಟಲು. ಮೂವರೂ ಸಹಿ ಹಾಕಿದರು, ಸರ್ವೀಸಿನಲ್ಲಿ ಮೊದಲ ಸಲ ಒಂದೇ ಕಾಗದಕ್ಕೆ.

ಸಂಜೆ ಆಸ್ಪತ್ರೆಗೆ ಓಡಿದ. ರೀಮ್ ಬಾಡಿದ ಸೊಪ್ಪಿನ ಹಾಗೆ ಮಲಗಿದ್ದಳು. ಡಾಕ್ಟರು ಕಂಪ್ಯೂಟರ್ ನೋಡಿ ಅವನ ಹೆಂಡತಿಯ ಕಡೆ ತಿರುಗಿದರು.

"ನಿಮ್ಮನೆ ನೀರು ಶುದ್ಧ ಅಂತ ಮೂರು ಇಲಾಖೆ ಬರೆದಿದೆ. ಏನಮ್ಮಾ, ಮಗುಗೆ ಕೈ ತೊಳ್ಕೊಳ್ಳೋದೂ ಕಲಿಸಿಲ್ವಾ? ಸರಿ, ನಾಳೆ ಮನೆಗೆ ಕರ್ಕೊಂಡ್ಹೋಗಿ. ಚೆನ್ನಾಗಿ ನೀರು ಕುಡಿಸಿ."